ನಿಂತವರ ಲೆಕ್ಕ

"ಹತ್ರೀ, ಎಲ್ರೂ ಹತ್ರೀ! ಇವತ್ತೊಂದಿನ ದಾಕ್ಷಿಣ್ಯ ಮನೇಲಿಟ್ಟು ಬನ್ನಿ ಅಂದಿದ್ನಲ್ಲ!" ಟೈಲರಕ್ಕ ಲಾಂಚು ನಿಲ್ಲುವ ಧಕ್ಕೆಯ ಮೇಲೆ ನಿಂತು ಕೂಗಿದಳು. ಲಾಂಚಿನ ಬಾಗಿಲಲ್ಲಿ, ಪಟ್ಟಣದ ಸಾರಿಗೆ ಕಚೇರಿಯಿಂದ ಎಣಿಕೆಗೆ ಬಂದ ಗುಮಾಸ್ತ ರಿಜಿಸ್ಟರ್ ಹಿಡಿದು, ಹತ್ತಿದ ತಲೆಗೊಂದು ಗೀಟು ಎಳೆಯುತ್ತಿದ್ದ.

ದ್ವೀಪಕ್ಕೆ ಇರುವುದೊಂದೇ ಲಾಂಚು, ಮೂವತ್ತು ಸೀಟು. ನಾಳೆಗೆ ತಡೆಯುವ ಕೆಲಸದವರು ತುರ್ತಿನವರಿಗೆ ಜಾಗ ಬಿಟ್ಟು ಹಿಂದೆ ಸರಿಯುವುದು ಅಲ್ಲಿಯ ರೂಢಿ. ಹೋದ ವರ್ಷ ಕಚೇರಿಯವರು ಎಣಿಕೆಗೆ ಬಂದಾಗ, ಬಂದವರೆದುರು ನೂಕಾಡುವುದು ಚೆನ್ನಲ್ಲವೆಂದು ಅರ್ಧ ಊರು ಮನೆಯಲ್ಲೇ ಕೂತಿತ್ತು. ಅವರು ಖಾಲಿ ಸೀಟು ಎಣಿಸಿ, 'ಬೇಡಿಕೆಯಿಲ್ಲ' ಎಂದು ಬರೆದು, ಇದ್ದೊಂದು ಸರಕಿನ ದೋಣಿಯನ್ನೂ ನಿಲ್ಲಿಸಿಬಿಟ್ಟರು. ಬಾಯಿ ಮುಚ್ಚಿ ಕೂತವರ ಹೊಟ್ಟೆಯ ಮೇಲೆ ಕಾಲಿಡುವುದು ಕುರ್ಚಿಗಳಿಗೆ ಬಲು ಸಲೀಸು. ಅಂದಿನಿಂದ ಟೈಲರಕ್ಕನ ಗಂಡನ ಆಕ್ಸಿಜನ್ ಸಿಲಿಂಡರ್, ಜನರ ಕಾಲಸಂದಿಯಲ್ಲಿ ಜಾಗ ಸಿಕ್ಕಿದರೆ ಮಾತ್ರ ಬರುತ್ತಿತ್ತು. ಹೋದ ವಾರ ಬಂದಿರಲಿಲ್ಲ. ಈ ಸಲವೂ ದೋಣಿ ಸಿಗದಿದ್ದರೆ ಗಂಡನನ್ನು ಕರೆದುಕೊಂಡು ದ್ವೀಪ ಬಿಡುವುದೊಂದೇ ಅವಳಿಗೆ ಉಳಿದ ದಾರಿ.

ಮೂವತ್ತು ತುಂಬಿತು. ಧಕ್ಕೆಯ ಮೇಲೆ ಇನ್ನೂ ನಲವತ್ತು ಜನ, ಮೀನಿನ ಬುಟ್ಟಿಗಳು, ಅವಳ ಖಾಲಿ ಸಿಲಿಂಡರ್.

"ನಿಂತೋರನ್ನೂ ಬರ್ಕೊಳ್ಳಿ ಸರ್."

"ಹತ್ತಿದೋರಿಗೆ ಮಾತ್ರ ಕಾಲಂ ಇರೋದಮ್ಮ."

"ಹಾಗಾದ್ರೆ ನಾವೇನು ಧಕ್ಕೆ ಕಂಬಗಳಾ?"

ಲಾಂಚು ಸೀಟಿ ಹೊಡೆಯಿತು. ಗುಮಾಸ್ತ ಒಳಗೆ ಕಾಲಿಡಹೋದರೆ ಚಾಲಕ ಕೈ ಅಡ್ಡ ಹಿಡಿದ. "ಮೂವತ್ತರ ಮೇಲೆ ಒಬ್ರೂ ಇಲ್ಲ ಸರ್. ನಿಮ್ಮ ಆಫೀಸಿಂದೇ ರೂಲ್ಸು."

ಕಿಟಕಿ ಪಕ್ಕದ ಮುದುಕ ಮೇಷ್ಟ್ರು ತಟ್ಟನೆ ಎದ್ದರು. "ಬನ್ನಿ, ಕೂತ್ಕೊಳ್ಳಿ. ಕಣ್ಣಿನ ಡಾಕ್ಟರು ನಾಳೇನೂ ಇರ್ತಾರೆ."

"ಅಯ್ಯೋ ಮೇಷ್ಟ್ರೇ!" ಟೈಲರಕ್ಕ ಹಣೆ ಚಚ್ಚಿಕೊಂಡಳು. "ಗಿಣಿಗೆ ಹೇಳಿದ ಹಾಗೆ ಹೇಳಿದ್ನಲ್ರೀ!"

"ಅಭ್ಯಾಸ ಕಣಮ್ಮ."

"ಎಷ್ಟು ದಿನದಿಂದ ನಾಳೆ ಅಂತಿದ್ದೀರಿ?" ಗುಮಾಸ್ತ ಕೇಳಿದ.

"ಮೂರು ವಾರ ಆಗಿರಬೇಕು." ಮೇಷ್ಟ್ರು ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು.

ಗುಮಾಸ್ತ ಲಾಂಚು ಹತ್ತಲಿಲ್ಲ. ಧಕ್ಕೆಯ ಮೇಲೆ ಬುಟ್ಟಿಯೊಂದನ್ನು ಬೋರಲು ಹಾಕಿ ಕೂತು, ರಿಜಿಸ್ಟರಿನ ಕೊನೆಯ ಖಾಲಿ ಹಾಳೆಯಲ್ಲಿ ಹೊಸ ಕಾಲಂ ಎಳೆದ. "ಯಾವ ಕೆಲಸ, ಎಷ್ಟು ದಿನದಿಂದ ಕಾಯ್ತಿದ್ದೀರಿ, ಒಬ್ಬೊಬ್ರೇ ಹೇಳಿ."

ಟೈಲರಕ್ಕ ಖಾಲಿ ಸಿಲಿಂಡರನ್ನು ಉರುಳಿಸಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದಳು. "ಮೊದಲು ಇದನ್ನ ಬರೀರಿ."

ಎರಡು ತಿಂಗಳ ಮೇಲೆ ಸರಕಿನ ದೋಣಿ ಧಕ್ಕೆಗೆ ಹಲಗೆ ಇಳಿಸಿತು. ಇನ್ನು ವಾರಕ್ಕೆ ಮೂರು ಸಲ. ಟೈಲರಕ್ಕನ ಮನೆಗೆ ಒಟ್ಟಿಗೇ ಎರಡು ಸಿಲಿಂಡರ್ ಬಂದವು.

"ಎರಡ್ಯಾಕೇ?" ಗಂಡ ಕೇಳಿದ.

"ಒಂದು ಸುಮ್ನೆ ನಿಂತಿರಲಿ ಬಿಡಿ."

ಮಧ್ಯಾಹ್ನ ಅವನಿಗೆ ನಿದ್ದೆ ಹತ್ತಿತು. ಅವಳು ಅರ್ಧ ಹೊಲಿದ ಅಂಗಿಯೊಂದನ್ನು ಮೂಲೆಯ ಸಿಲಿಂಡರಿನ ಕುತ್ತಿಗೆಗೆ ನೇತುಹಾಕಿ, ಗುಂಡಿಗಳನ್ನು ಹುಡುಕತೊಡಗಿದಳು.