ಹೆಂಡತಿಯ ಭಾಷೆ

ಎಸ್ಸೈ ಕೋಣೆಯೊಳಗಿಂದ ತನ್ನ ಹೆಂಡತಿಯ ನಗು ಕೇಳಿಸಿದಾಗ ರೈಟರ್ ಬರೆಯುತ್ತಿದ್ದ ಸಾಲನ್ನು ಅರ್ಧಕ್ಕೇ ನಿಲ್ಲಿಸಿದ. ಮನೆಯಲ್ಲಿ ಅವಳು ನಗುವುದೇ ಇಲ್ಲವೆಂದಲ್ಲ. ನಗುತ್ತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು, ಅಳೆದು ಸುರಿದಂತೆ. ಇದು ಬೇರೆ. ಗಂಟಲು ಬಿಟ್ಟು ನಕ್ಕು, ಕೊನೆಗೆ ಉಸಿರು ಸಾಲದೆ ಕೆಮ್ಮಾಗಿ ಮುಗಿಯುವ ನಗು. ಮದುವೆಯ ಹೊಸತರಲ್ಲಿ ಅವಳ ತಾಯಿ ಬಂದಾಗಲೆಲ್ಲ ಅಡುಗೆಮನೆಯಿಂದ ಇಂಥ ನಗು ಬರುತ್ತಿತ್ತು.

"ಒಳಗೇನಂತೆ ಸಾರ್, ಭಾರಿ ಖುಷಿ?" ಬಾಗಿಲಲ್ಲಿ ನಿಂತಿದ್ದ ಸೆಂಟ್ರಿ ಕೇಳಿದ.

"ಫಾರಂ ತಿದ್ದುತ್ತಿದ್ದಾರೆ."

"ಫಾರಂನಲ್ಲಿ ನಗೋದೇನಿದೆ? ನನ್ನ ಸರ್ವೀಸೆಲ್ಲಾ ಇವನ್ನೇ ನೋಡ್ಕೊಂಡ್ ಬಂದೆ, ಅಳು ಬಂದಿದೆಯೇ ಹೊರತು ನಗು ಬಂದಿಲ್ಲ."

ರೈಟರ್ ಅರ್ಧಕ್ಕೆ ನಿಂತ ಸಾಲಿಗೆ ಮರಳಿದ. ಠಾಣೆಯ ಬರವಣಿಗೆಯೆಲ್ಲ ಅವನದೇ. ದೂರು, ಹೇಳಿಕೆ, ಪಂಚನಾಮೆ ಎಲ್ಲವೂ ಅವನ ಕೈ ದಾಟಿಯೇ ಹೋಗಬೇಕು. ಸಾಹೇಬರು ಬರುತ್ತಾರೆ, ಹೋಗುತ್ತಾರೆ. ರೈಟರ್ ಮೇಜು ಇದ್ದಲ್ಲೇ ಇರುತ್ತದೆ ಎಂದು ಅವನೇ ಹೇಳಿಕೊಳ್ಳುವುದಿತ್ತು. ಆದರೆ ಊರಾಚೆ ಗಾಜಿನ ಕಾರ್ಖಾನೆ ಶುರುವಾಗಿ, ಕೆಲಸಕ್ಕೆಂದು ಬೇರೆ ಸೀಮೆಯ ಜನ ಬಂದ ಮೇಲೆ ಆ ಮೇಜಿನ ಮುಂದೆ ಮೂಕಾಭಿನಯ ಶುರುವಾಯಿತು. ಕೈ ಸುಟ್ಟವನು ಕೈ ತೋರಿಸುತ್ತಿದ್ದ, ಜೇಬು ಕತ್ತರಿಸಿಕೊಂಡವನು ಜೇಬು ತೋರಿಸುತ್ತಿದ್ದ. ಯಾರು, ಎಲ್ಲಿ, ಯಾವಾಗ ಎಂದರೆ ಎರಡೂ ಕಡೆಯವರು ಮುಖ ಮುಖ ನೋಡಿಕೊಳ್ಳಬೇಕು.

ಅವರ ಭಾಷೆ ರೈಟರ್ ಹೆಂಡತಿಯ ತಾಯಿನುಡಿ ಎಂಬ ಸುದ್ದಿ ಹೊಸ ಎಸ್ಸೈ ಕಿವಿಗೆ ಹೇಗೆ ಬಿತ್ತೋ. ಹುಡುಗ ಮೂವತ್ತು ದಾಟಿರಲಿಲ್ಲ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮದ್ದು ನಿಮ್ಮ ಹಿತ್ತಲಲ್ಲೇ ಇಟ್ಕೊಂಡು ನಮ್ಮನ್ನ ನರಳಿಸಿದ್ರಲ್ಲ ರೈಟರೇ!" ಎಂದು ಎಲ್ಲರೆದುರು ಅಂದಿದ್ದ. ಎಲ್ಲರೂ ನಕ್ಕಿದ್ದರು. ರೈಟರ್ ಕೂಡ ಹಲ್ಲು ಕಿರಿದಿದ್ದ. ಮಾರನೆಯ ವಾರದಿಂದ ಅವಳು ಠಾಣೆಗೆ ಬಂದು ಫಾರಂಗಳನ್ನು ತನ್ನ ಭಾಷೆಗೆ ಇಳಿಸತೊಡಗಿದಳು. ಕಳ್ಳತನಕ್ಕೊಂದು, ಅಪಘಾತಕ್ಕೊಂದು, ಕಾಣೆಯಾದವರಿಗೊಂದು. ಒಂದೊಂದು ಪ್ರಶ್ನೆಯೂ ಎರಡೂ ಭಾಷೆಯಲ್ಲಿ, ಉತ್ತರಗಳೂ ಹಾಗೆಯೇ. ಅವರು ಗುರುತು ಹಾಕಿದರೆ ಇವರು ಓದಿಕೊಳ್ಳಬಹುದು.

ಆ ಸಂಜೆ ಮನೆಯಲ್ಲಿ ಅವನು ಕೇಳಿಯೇಬಿಟ್ಟ. "ಏನದು, ಅಷ್ಟೊಂದು ನಗು?"

"ಅಯ್ಯೋ, ಅದಾ?" ಎಂದು ಅವಳು ಮತ್ತೆ ನಕ್ಕಳು. "ನಿಮ್ಮ ಸಾಹೇಬ್ರು ನಮ್ಮ ಭಾಷೆ ಕಲೀತಿದ್ದಾರೆ. 'ನಿನ್ನ ಹೆಸರೇನು' ಅಂತ ಕೇಳೋಕೆ ಹೋಗಿ 'ನಿನ್ನ ರೇಟೆಷ್ಟು' ಅಂದುಬಿಟ್ರು. ಅದನ್ನ ಕಾರ್ಖಾನೆ ಹೆಂಗಸರ ಹತ್ರ ಕೇಳಿದ್ರೆ ಚಪ್ಪಲಿ ಏಟು ಬೀಳುತ್ತೆ ಸಾಹೇಬ್ರೇ ಅಂದೆ."

"ಸಾಹೇಬರ ಹತ್ರ ಹಾಗೆಲ್ಲ ಮಾತಾಡ್ತಾರೇನೆ?"

"ಕಲಿಸೋವಾಗ ತಪ್ಪು ಹೇಳಬೇಡವಾ? ಚುರುಕಿದ್ದಾರೆ ಪಾಪ. ಎರಡು ವಾರಕ್ಕೇ ಬನ್ನಿ, ಕೂತ್ಕೊಳ್ಳಿ, ಹೆದರಬೇಡಿ ಎಲ್ಲಾ ಬರುತ್ತೆ."

ಅವಳ ಭಾಷೆಯಲ್ಲಿ 'ಬನ್ನಿ' ಎನ್ನುವುದಕ್ಕೆ ಏನೆನ್ನುತ್ತಾರೆಂದು ರೈಟರ್‌ಗೆ ಗೊತ್ತಿರಲಿಲ್ಲ. ಮಗಳು ಹುಟ್ಟಿದಾಗ ಅವನೇ ಹೇಳಿದ್ದ: ಮಗುವಿಗೆ ಎರಡೆರಡು ಭಾಷೆ ಬೇಡ, ತಲೆ ಕೆಡುತ್ತದೆ. ಅವಳು ವಾದಿಸಲಿಲ್ಲ. ತಾಯಿ ತೀರಿಕೊಂಡ ಮೇಲಂತೂ ಆ ಭಾಷೆ ಮನೆಯೊಳಗೆ ಕೇಳುತ್ತಿದ್ದುದು ಅವಳು ನಿದ್ದೆಯಲ್ಲಿ ಏನಾದರೂ ಗೊಣಗಿದಾಗ ಮಾತ್ರ. ಪಕ್ಕದಲ್ಲಿ ಮಲಗಿದ್ದವನು ಅದು ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಯಾವನೋ ಒಬ್ಬ ಎರಡು ವಾರದಲ್ಲಿ ಆ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ರೈಟರ್ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದ.

ಫಾರಂಗಳು ಅಚ್ಚಾಗಿ ಬಂದ ದಿನ ಮೇಲಧಿಕಾರಿಗಳು ಬಂದರು. ಫೋಟೋ ತೆಗೆಯುವಾಗ ಅವಳಿಗೆ ನಡುವಿನ ಕುರ್ಚಿ. ಪಕ್ಕದಲ್ಲಿ ಎಸ್ಸೈ. "ರೈಟರೇ, ನೀವು ಹಿಂದೆ ನಿಂತ್ಕೊಳ್ಳಿ, ಎತ್ತರ ಇದ್ದೀರಿ" ಎಂದರು. ಸೆಂಟ್ರಿಯ ಹೆಗಲ ಮೇಲಿಂದ ಅವನು ಹೆಂಡತಿಯ ಹೆರಳನ್ನು ನೋಡುತ್ತ ನಿಂತ. ಎಲ್ಲರೂ ಹೋದ ಮೇಲೆ, ಮುಂದಿನ ಮೇಜಿನ ಮೇಲಿಟ್ಟಿದ್ದ ಫಾರಂ ಕಟ್ಟುಗಳನ್ನು ಎತ್ತಿ ಬೀರುವಿಗೆ ಹಾಕಿ ಬೀಗ ಜಡಿದ.

"ಅಲ್ಲೇ ಇರ್ಲಿ ಅಂದಿದ್ರಲ್ಲ ಸಾಹೇಬ್ರು?" ಎಂದ ಸೆಂಟ್ರಿ.

"ಗಾಳಿಗೆ ಹಾರಿಹೋಗುತ್ತೆ. ಬೇಕಾದಾಗ ನಾನೇ ತೆಗೆದುಕೊಡ್ತೀನಿ." ಕೀಲಿಯನ್ನು ಪ್ಯಾಂಟಿನ ಜೇಬಿಗಿಳಿಸಿದ.

ಕೆಲವು ದಿನ ಕಳೆದು, ಎಸ್ಸೈ ಯಾವುದೋ ಸಭೆಯ ಬಂದೋಬಸ್ತಿಗೆ ಹೋಗಿದ್ದ ಬೆಳಿಗ್ಗೆ, ಕಾರ್ಖಾನೆಯ ಸಮವಸ್ತ್ರದಲ್ಲಿದ್ದ ಒಬ್ಬ ಕೂಲಿಯಾಳು ಏದುಸಿರು ಬಿಡುತ್ತ ಠಾಣೆಗೆ ನುಗ್ಗಿದ. ಕೂಗಿ ಕೂಗಿ ಅವನ ದನಿ ಒಡೆದಿತ್ತು. ಅಂಗೈಯನ್ನು ಸೊಂಟದ ಎತ್ತರಕ್ಕೆ ಹಿಡಿದು ತೋರಿಸಿದ, ರಸ್ತೆಯ ಕಡೆ ತೋರಿಸಿದ, ಎದೆ ಬಡಿದುಕೊಂಡ.

"ಕುಡಿದಿರಬೇಕು ಸಾರ್" ಎಂದ ಸೆಂಟ್ರಿ. ಆಮೇಲೆ ಮೂಸಿ ನೋಡಿ, "ವಾಸನೆ ಇಲ್ಲ. ಅಮ್ಮಾವ್ರು ಬರೆದ ಫಾರಂ ಕೊಡೋಣವಾ?"

ರೈಟರ್‌ಗೆ ಅರ್ಥವಾಗಿತ್ತು. ಸೊಂಟದೆತ್ತರದ ಆ ಕೈ ಏನು ಹೇಳುತ್ತಿದೆ ಎಂದು ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ. ಆದರೆ ಫಾರಂ ತೆಗೆದರೆ ಸಂಜೆ ಎಸ್ಸೈ ಬಂದು, "ನೋಡಿ ಮೇಡಂ, ನಿಮ್ಮಿಂದ ಎಂಥಾ ಕೆಲಸ ಆಯ್ತು!" ಎನ್ನುತ್ತಾನೆ. ಅವಳು ಆ ನಗು ನಗುತ್ತಾಳೆ.

"ಬೀರುವಿನ ಕೀಲಿ ಎಲ್ಲಿಟ್ಟೆನೋ" ಎಂದ. "ಕೂರಿಸು. ಸಾಹೇಬರು ಬರಲಿ. ಅವರಿಗೆ ಭಾಷೆ ಬರುತ್ತಲ್ಲ."

ಕಡತವೊಂದನ್ನು ಬಿಡಿಸಿಕೊಂಡು ಅಚ್ಚುಕಟ್ಟಾಗಿ ನಕಲು ಮಾಡತೊಡಗಿದ. ಆ ಮನುಷ್ಯ ಕೂರಲಿಲ್ಲ. ಹೊರಗೆ ಓಡಿ ರಸ್ತೆಯ ಎರಡೂ ಕಡೆ ನೋಡಿ ಬರುತ್ತಿದ್ದ, ಮತ್ತೆ ಮೇಜಿನ ಮುಂದೆ ನಿಲ್ಲುತ್ತಿದ್ದ. ಬಿಸಿಲು ಹೊಸ್ತಿಲಿನಿಂದ ಬೆಂಚಿನ ಕಾಲಿನವರೆಗೆ ಸರಿಯಿತು. ಕೊನೆಗೆ ಅವನ ಕೂಗು ನಿಂತೇಹೋಯಿತು. ರೈಟರ್ ತಲೆಯೆತ್ತಿದಾಗ ಅವನು ಮೇಜಿನ ಗಾಜಿನ ಕೆಳಗಿದ್ದ ಚಿತ್ರವೊಂದರ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಅದು ರೈಟರ್ ಮಗಳ ಫೋಟೋ, ಒಂದನೇ ತರಗತಿಯಲ್ಲಿದ್ದಾಗ ತೆಗೆಸಿದ್ದು. ಬೆರಳನ್ನು ಅಲ್ಲಿಂದ ಎತ್ತಿ ತನ್ನ ಎದೆಗೆ ಒತ್ತಿಕೊಂಡ. ಮತ್ತೆ ಚಿತ್ರದ ಮೇಲಿಟ್ಟ.

ರೈಟರ್ ಎದ್ದು ಬೀರು ತೆಗೆದ.

ಫಾರಂ ಕೈಗೆ ಬಂದದ್ದೇ ಆ ಮನುಷ್ಯ ಮೊದಲ ಸಾಲು ಓದಿ, ದೊಪ್ಪನೆ ಕುರ್ಚಿಯಲ್ಲಿ ಕೂತ. ಆ ಸಾಲು ರೈಟರ್ ಬರೆದುಕೊಟ್ಟ ಮಾದರಿಯಲ್ಲಿ ಇರಲಿಲ್ಲ, ಅವಳೇ ಸೇರಿಸಿದ್ದಳು. ಪಕ್ಕದ ಕಾಲಮ್ಮಿನಲ್ಲಿ ಅದರ ಅರ್ಥ ಅಚ್ಚಾಗಿತ್ತು: 'ಮೊದಲು ಕೂತ್ಕೊಳ್ಳಿ. ನಿಮ್ಮ ಮಾತು ಕೇಳ್ತೀವಿ.' ಅವನು ಸರಸರನೆ ಗುರುತು ಹಾಕುತ್ತ ಹೋದ. ಹೆಣ್ಣುಮಗು. ಆರು ವರ್ಷ. ಹಳದಿ ಅಂಗಿ. ಕಡೆಯ ಸಲ ಕಂಡದ್ದು ಬಸ್ ನಿಲ್ದಾಣದಲ್ಲಿ. ರೈಟರ್ ವೈರ್‌ಲೆಸ್‌ನಲ್ಲಿ ಎಲ್ಲ ಕಡೆಗೂ ಹೇಳಿದ. ತನ್ನ ದನಿ ತನಗೇ ಯಾರದೋ ಅನ್ನಿಸಿತು.

ಮಗು ಸಿಕ್ಕಿತು. ದೂರದ ಊರೊಂದರ ಡಿಪೋದಲ್ಲಿ, ಖಾಲಿ ಬಸ್ಸಿನ ಸೀಟಿನಡಿ. ಆ ಬಸ್ಸಿನ ಕಂಡಕ್ಟರ್ ಫೋನಿನಲ್ಲಿ ರೇಗಿದ. "ಬಸ್ಸು ಬೆಳಿಗ್ಗೆ ಎಷ್ಟೋ ಹೊತ್ತು ನಿಮ್ಮ ನಿಲ್ದಾಣದಲ್ಲೇ ನಿಂತಿತ್ತಲ್ರೀ. ಒಂದು ಮಾತು ಹೇಳಿ ಕಳಿಸಿದ್ರೆ ಅಲ್ಲೇ ಇಳಿಸ್ತಿದ್ದೆ. ಯಾರಿಗೂ ಗೊತ್ತಾಗದ ಹಾಗೆ ಸೀಟಿನಡಿ ಅತ್ತು ಅತ್ತು ಮಗೂಗೆ ಜ್ವರ ಬಂದಿದೆ." ರೈಟರ್ ಹೂಂ ಎಂದ. ಫೋನಿಟ್ಟು ಬೆವರು ಒರೆಸಿಕೊಂಡ.

ಸಂಜೆ ಜೀಪಿನಲ್ಲಿ ಬಂದ ಮಗು ಅಪ್ಪನ ಕೊರಳಿಗೆ ಜೋತುಬಿದ್ದಿತು, ಆದರೆ ಬಾಯಿ ಬಿಡಲಿಲ್ಲ. ತುಟಿ ಕಚ್ಚಿ ಕಚ್ಚಿ ರಕ್ತ ಒಸರಿತ್ತು. ಎಸ್ಸೈ ಕಲಿತದ್ದೆಲ್ಲ ಆಡಿ ನೋಡಿದ. ಖಾಕಿ ಕಂಡರೆ ಅದು ಮುಖ ಹುದುಗಿಸುತ್ತಿತ್ತು. ಕೊನೆಗೆ ಅವನೇ ರೈಟರ್ ಹೆಂಡತಿಯನ್ನು ಕರೆಸಿದ.

ಅವಳು ಬಂದವಳೇ ನೆಲದ ಮೇಲೆ ಕೂತು, ಯಾರನ್ನೂ ನೋಡದೆ, ತನ್ನಷ್ಟಕ್ಕೆ ಏನನ್ನೋ ಹೇಳತೊಡಗಿದಳು. ಕಥೆಯೋ, ದೂರೋ, ಪದ್ಯವೋ. ಮಗು ಮೊದಲು ಒಂದು ಕಣ್ಣು ತೆರೆಯಿತು. ಆಮೇಲೆ ಒಂದು ಮಾತು ಆಡಿತು. ಮತ್ತೆ ಮಾತಿನ ಮಳೆ. ಅವಳು ಎಲ್ಲದಕ್ಕೂ ಹೂಂಗುಟ್ಟುತ್ತ, ನಡುವೆ ಏನೋ ಅಂದಳು. ಮಗು ಕಿಲಕಿಲ ನಕ್ಕಿತು. ಇವಳೂ ನಕ್ಕಳು, ಗಂಟಲು ಬಿಟ್ಟು. ಎಸ್ಸೈ ಕೂಡ ಅರ್ಧಂಬರ್ಧ ಅರ್ಥವಾದವನಂತೆ ನಕ್ಕ. ಗೋಡೆಗೊರಗಿ ನಿಂತ ರೈಟರ್‌ಗೆ ಈಗ ಎಸ್ಸೈ ಮೇಲಲ್ಲ, ಆ ಆರು ವರ್ಷದ ಮಗುವಿನ ಮೇಲೇ ಹೊಟ್ಟೆಕಿಚ್ಚಾಯಿತು. ತನ್ನ ಮಗಳ ಜೊತೆ ಇವಳು ಒಮ್ಮೆಯೂ ಹೀಗೆ ನಕ್ಕಿರಲಿಲ್ಲ.

"ಬೆಳಿಗ್ಗೆಯೇ ಸಿಕ್ಕಿಬಿಡ್ತಿತ್ತಮ್ಮ" ಎಂದ ಸೆಂಟ್ರಿ, ಒಳ್ಳೆಯ ಮನಸ್ಸಿನಿಂದಲೇ. "ಬೀರುವಿನ ಕೀಲಿ ಸಿಗೋದು ತಡವಾಯ್ತು. ಪಾಪ ಸಾರ್ ಎಷ್ಟು ಹುಡುಕಿದ್ರು."

ಅವಳು ಗಂಡನ ಕಡೆ ನೋಡಿದಳು.

"ಕೀಲಿ ನಿಮ್ಮ ಜೇಬಲ್ಲೇ ಇರುತ್ತಲ್ಲ" ಎಂದಳು, ಮೆಲ್ಲಗೆ.

ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಅವಳು ಮಗುವಿನ ಕೈ ಹಿಡಿದು ಎದ್ದಳು.

ಕಾರ್ಖಾನೆಯ ವಠಾರ ಅವರ ಮನೆಯ ದಾರಿಯಲ್ಲೇ ಇತ್ತು. ಕತ್ತಲಿಳಿಯುವ ಹೊತ್ತು. ಮುಂದೆ ಅವಳು ಮತ್ತು ಮಗು. ಬೀದಿಯುದ್ದಕ್ಕೂ ಇಬ್ಬರ ಮಾತು, ಒಬ್ಬರ ಮೇಲೊಬ್ಬರು ಬಿದ್ದು. ಹಿಂದೆ ರೈಟರ್ ಸ್ಕೂಟರ್ ತಳ್ಳುತ್ತ ನಡೆದ. ಸ್ಟಾರ್ಟ್ ಮಾಡಿದರೆ ಆ ಮಾತು ಕೇಳುತ್ತಿರಲಿಲ್ಲ. ಒಂದು ಪದವಾದರೂ ಹಿಡಿಯಲೆಂದು ಕಿವಿಗೊಟ್ಟ, ಎಲ್ಲವೂ ಜಾರಿಹೋದವು. ದಾರಿ ಏರಾಯಿತು, ಸ್ಕೂಟರ್ ಭಾರವಾಯಿತು. ಪಕ್ಕದಲ್ಲಿ ನಡೆಯುತ್ತಿದ್ದ ಆ ಮಗುವಿನ ತಂದೆ ಹಿಂದೆ ಹೋಗಿ, ಎರಡೂ ಕೈ ಕೊಟ್ಟು ತಳ್ಳತೊಡಗಿದ.