ಒಂದು ಬಿದ್ದರೆ

೨೦೧೯ರ ಡಿಸೆಂಬರ್ ಏಳು, ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ, ನೆಲಮಾಳಿಗೆಯ ಕಿಟಕಿಯಲ್ಲಿ ಹಿಮ ನೀಲಿಗೆ ತಿರುಗುತ್ತಿದೆ, ಇಪ್ಪತ್ತು ಮುಖದ ದಾಳ ಚೌಕಳಿ ಹಾಳೆಯ ಮೇಲೆ ಉರುಳಿ ಉರುಳಿ ಒಂದಕ್ಕೆ ನಿಂತಿತು, ಒಂದು ಬಿದ್ದರೆ ಕೋವಿ ಹಾರುವುದಿಲ್ಲ, ನಾನೇ ಬರೆದ ನಿಯಮ, ಕತ್ತಿ ಮಂತ್ರಗಳ ನಮ್ಮ ಆಟಕ್ಕೆ ಕೋವಿಯವನೆಂಬ ಹೊಸ ಪಾತ್ರವನ್ನು ಬೇಸಿಗೆಯಿಡೀ ಕೂತು ಕಟ್ಟಿದವಳು ನಾನು, ಇವತ್ತು ಕೊನೆಯ ಪರೀಕ್ಷೆ, ನಾಳೆ ಬೇರೆ ಊರುಗಳ ಆಟಗಾರರಿಗೆ ಕಳಿಸುವುದು — ಕೋವಿಯವನಾಗಿ ಆಡುವ ಲೈಲ್, ಕೈಯಲ್ಲಿಲ್ಲದ ಕೋವಿಯನ್ನು ನೆಲಕ್ಕೂರುತ್ತಾನೆ, ಒಂದು ಕಣ್ಣು ಮುಚ್ಚಿ ನಳಿಕೆಯ ಬಾಯಿಗೆ ಬಗ್ಗುತ್ತಾನೆ, ನೋಡ್ದೆ, ಕೆದಕ್ದೆ, ಮತ್ತೆ ಹೊಡೆದೆ ಅನ್ನುತ್ತಾನೆ, ಎಲ್ಲ ಒಂದೇ ಸರದಿಯಲ್ಲಿ, ಯಾವತ್ತಿನಂತೆ ನಗುತ್ತೇವೆ, ಅವನೂ ನಗುತ್ತಾ, ಮಂಗಳವಾರ ಕಾಡಲ್ಲೂ ಇದನ್ನೇ ಮಾಡ್ದೆ ಕಣೇ ಟೀಚರಮ್ಮ, ಜಿಂಕೆ ಎದುರಿಗೇ ನಿಂತಿತ್ತು, ಮದ್ದು ಹೊತ್ತಿಸೋ ಕೇಪು ಚಟ್ ಅಂತು, ಗುಂಡು ಹಾರ್ಲಿಲ್ಲ, ಏನಾಯ್ತಪ್ಪಾ ಅಂತ ಬಗ್ಗಕ್ಕೆ ಹೋದೆ, ಢಂ! — ಕೋಟಿನ ಜೇಬಿನಿಂದ ತೆಗೆದು ಹಾಳೆಯ ಮೇಲಿಟ್ಟ, ಬೇಟೆಯ ಕಿತ್ತಳೆ ಟೋಪಿ, ಹಣೆಯ ಮುಂದೆ ಚಾಚುವ ಅಂಚಿನಲ್ಲಿ ತೂತು.

ಮೊದಲ ಕರಡಿನಲ್ಲಿ ಹಾಗಿರಲಿಲ್ಲ, ಒಂದು ಬಿದ್ದರೆ ನಳಿಕೆಯನ್ನು ಆಚೆ ತಿರುಗಿಸಿ ಪೂರ್ತಿ ಒಂದು ಸರದಿ ಕಾಯಬೇಕು ಅಂತಿತ್ತು, ಮದ್ದು ಒಮ್ಮೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ, ರಸಾಯನಶಾಸ್ತ್ರ ಕಲಿಸುವವಳಿಗೆ ಅಷ್ಟು ಗೊತ್ತಿಲ್ಲವೇ, ಲೈಲನೇ ಗೊಣಗಿದ್ದು, ಕಾಯೋದಾ, ಅಷ್ಟ್ರಲ್ಲಿ ಗ್ರೆಚೆನ್ ಎರಡು ರಾಕ್ಷಸರನ್ನ ಕೊಂದು ಕಾಫಿನೂ ಕಾಸ್ಕೊಂಡು ಬರ್ತಾಳೆ, ನಾನೇನು ಕಂಬದ ಥರ ನಿಂತಿರ್ಲಾ, ಅವನ ಹೆಂಡತಿ ಗ್ರೆಚೆನ್ ಕೂಡ, ಬಿಡೇ ಇಂಗ್ರಿಡ್, ಪಾಪ ಆಡ್ಲಿ ಅಂದಳು, ಆ ಸಾಲನ್ನು ಹೊಡೆದುಹಾಕಿದೆ, ಆಟ ಚುರುಕಾಯಿತು, ಎಲ್ಲರಿಗೂ ಇಷ್ಟವಾಯಿತು, ಆದರೆ ವಿಸ್ಕಾನ್ಸಿನ್ನಿನ ಹುಡುಗ ಇವನು, ಮೀಸೆ ಮೂಡುವ ಮೊದಲೇ ಅಪ್ಪನ ಹಿಂದೆ ಕಾಡಿಗಿಳಿದವನು, ಹಾರದ ಕೋವಿಯನ್ನು ಆಚೆ ಹಿಡಿದು ಕಾಯಬೇಕೆಂಬುದು ತಲೆಗಿಂತ ಮೊದಲು ಇವನ ಕೈಗೆ ಗೊತ್ತಿತ್ತು, ಅಷ್ಟು ಚಳಿಗಾಲಗಳ ಅಭ್ಯಾಸವನ್ನು ಒಂದು ಬೇಸಿಗೆಯ ಆಟ ಅಳಿಸಿತೇ, ಪ್ರತಿ ಶನಿವಾರ ಬಗ್ಗು, ನೋಡು, ನಗು, ಬಗ್ಗು, ನೋಡು — ಗ್ರೆಚೆನ್ ಸಾಸೇಜ್ ಹೆಚ್ಚುವುದನ್ನು ನಿಲ್ಲಿಸಿದ್ದಾಳೆ, ಮುಳ್ಳಿಗೆ ಸಿಕ್ಕಿ ಹರೀತು ಅಂದ್ಯಲ್ಲೋ, ಅಷ್ಟೇ ಅಂದಳು, ಚಾಕು ಕೆಳಗಿಡಲಿಲ್ಲ, ಟೋಪಿ ತಾನೇ, ಹೊಸದು ತಗೊಂಡ್ರಾಯ್ತು ಅಂದ ಲೈಲ್, ಅವನ ನಗು ಅರ್ಧಕ್ಕೆ ನಿಂತಿದೆ, ಯಾರೂ ಜೊತೆಗೂಡಲಿಲ್ಲ, ನಾಳೆ ಕಳಿಸುವುದು, ಯಾರೋ, ಎಲ್ಲೋ, ಅಟ್ಟದಲ್ಲಿ ಅಜ್ಜನ ಕೋವಿ ಇರುವವರು, ಇಲ್ಲ, ಕಳಿಸಲ್ಲ, ಕಾಯಬೇಕು ಅಂತ ಮತ್ತೆ ಬರೀತೀನಿ, ಬೇಜಾರಾದರೆ ಆಗಲಿ, ಜೋರಾಗಿ ಅಂದೆನೇ, ಯಾರೂ ತಿರುಗಿ ನೋಡಲಿಲ್ಲ, ಎಲ್ಲರ ಕಣ್ಣೂ ತೂತಿನ ಮೇಲೆ, ಸುತ್ತ ಸುಟ್ಟು ಕರಕಲು, ಅದರಾಚೆ ಕಾಣುವ ಹಾಳೆಯ ಚೌಕ, ಚೌಕವೆಂದರೆ ಒಂದು ಇಂಚು, ಆಟದಲ್ಲಿ ಅದನ್ನು ಐದಡಿ ಎಂದು ಎಣಿಸುತ್ತೇವೆ, ಐದಡಿ ಆಚೆ ಇದ್ದವನು ಬದುಕಿದ — ತೂತು, ಆಮೇಲೆ ಅಂಚು ಟೋಪಿಗೆ ಸೇರುವ ಹೊಲಿಗೆ, ಹೊಲಿಗೆಯ ಹಿಂದೆ ಹಣೆ, ಮತ್ತೆ ತೂತು, ಹಾಳೆಯ ಗೆರೆಗೆ ಟೋಪಿಯ ಅಂಚನ್ನು ಹೊಂದಿಸುತ್ತೇನೆ, ತೂತಿನಿಂದ ಹೊಲಿಗೆಗೆ ಒಂದು ಚೌಕವೂ ಇಲ್ಲ, ಮುಕ್ಕಾಲು ಇಂಚು.