ಕಿವಿಗೆ ಹತ್ತಿಯಿಟ್ಟ ಷಡಕ್ಷರಿ

ಹೊಳೆನರಸೀಪುರದ ಅರಕಲಗೂಡು ರಸ್ತೆಯಲ್ಲಿ ಹಳೆಯ ಗಾಡಿಗಳ ವೈರಿಂಗ್ ಮಾಡುವ ಷಡಕ್ಷರಿ, ಹೆಡ್‌ಲೈಟಿಗೆ ಕೈಹಾಕುವ ಮೊದಲು ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾನೆ. ಹಣೆಯಲ್ಲಿ ಬೆವರಿಗೆ ಕಲಸಿದ ವಿಭೂತಿ, ಖಾಕಿ ಅಂಗಿಯ ಜೇಬಿನಿಂದ ಇಣುಕುವ ಟೆಸ್ಟ್ ಲ್ಯಾಂಪು, ಯಾರೋ ದೂರದಿಂದ ಕರೆದರೇನೋ ಎಂಬಂತೆ ಸದಾ ಬಲಕ್ಕೆ ವಾಲಿದ ಕತ್ತು. ಹೊಸ ಗಿರಾಕಿ ಏನು ಹೇಳಬೇಕಾದರೂ ಕೈಸನ್ನೆಯಲ್ಲೇ ಹೇಳಬೇಕು. ಕೆಲಸ ಮುಗಿದ ಮೇಲಂತೂ ಇನ್ನೊಂದು ವಿಪರೀತ: ದೀಪ ಬೆಳಗಿತೆಂದು ಗಾಡಿಯನ್ನು ಬಿಟ್ಟುಕೊಡುವ ಆಸಾಮಿಯಲ್ಲ, ತಾನೂ ಪಕ್ಕದಲ್ಲಿ ಕೂತು, ಹಾಡುಹಗಲಲ್ಲೇ ದೀಪ ಉರಿಸಿಕೊಂಡು, ಗೊರೂರೋ ಕೊಣನೂರೋ ಗಾಡಿ ಹೋದಲ್ಲಿಗೆ ಹೋಗಿ, ಹೆಡ್‌ಲೈಟಿನ ಕಾದ ಗಾಜಿನ ಮೇಲೆ ಅಂಗೈಯಿಟ್ಟು ನೋಡಿ, ಬಸ್ಸಿನಲ್ಲಿ ವಾಪಸಾಗುತ್ತಾನೆ. ಲೈಟು ರಿಪೇರಿಗೆ ಕೊಟ್ಟರೆ ಮೆಕ್ಯಾನಿಕ್ಕೂ ಕೊಸರಿಗೆ ಬರುತ್ತಾನೆಂದು ಊರು ನಗುತ್ತದೆ. ನಗುವ ಊರಿಗೆ ಮರೆವು ಜಾಸ್ತಿ.

ಒಂದು ಕಾಲದಲ್ಲಿ ಈ ಕಿವಿಯೇ ಅವನ ಕೀರ್ತಿ. ರಿಲೇ ಎಂಬುದು ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಸ್ವಿಚ್ಚಿನ ಸಣ್ಣ ಅಪ್ಪಣೆ ಸಿಕ್ಕರೆ 'ಟಿಕ್' ಎಂದು ದೀಪಕ್ಕೆ ಕರೆಂಟು ಬಿಡುತ್ತದೆ. ಆ ಸದ್ದನ್ನು ಕೇಳಿಯೇ, ಬಾನೆಟ್ಟನ್ನೂ ಎತ್ತದೆ, ಗಾಡಿಯ ಮೈಗೆ ಬಿಗಿದ ಅರ್ತಿನ ತಂತಿ ಸಡಿಲವೋ ವೈರು ತುಕ್ಕೋ ಎಂದು ಷಡಕ್ಷರಿ ಹೇಳಿಬಿಡುತ್ತಿದ್ದ. ಹಾಸನದಿಂದಲೂ ಲಾರಿಗಳು ಬರುತ್ತಿದ್ದವು. ಹೊಗಳಿಕೆ ಯಾರಿಗೆ ಬೇಡ?

ಪುಟ್ಟರಾಜು ಅವನ ಹಳೆಯ ಗಿರಾಕಿ. ಅರಕಲಗೂಡು ಕಡೆಯ ರೈತ, ತನ್ನ ಮುದಿ ಜೀಪಿನಲ್ಲಿ ತರಕಾರಿ ತುಂಬಿಕೊಂಡು ಚನ್ನರಾಯಪಟ್ಟಣಕ್ಕೆ ಹೋಗಿಬರುವವನು. ಬಹಳ ಹೊತ್ತು ಉರಿದರೆ ಎರಡೂ ದೀಪ ಮಂಕಾಗುತ್ತವೆ, ಹೊಸ ರಿಲೇ ಹಾಕಿಬಿಡು ಎಂದು ಅವನು ಕೇಳಿದ. ಷಡಕ್ಷರಿ ಅರ್ತನ್ನು ಉಜ್ಜಿ ಬಿಗಿದು, ಸ್ವಿಚ್ಚು ಒತ್ತಿಸಿ, ಕತ್ತು ವಾಲಿಸಿ ಆಲಿಸಿದ. "ಸದ್ದೇ ಹೇಳ್ತೈತೆ ಕಣ್ಲಾ, ರಿಲೇ ಗಟ್ಟಿಯಾಗೈತೆ. ಬದ್ಲಾಯ್ಸೋದು ದಂಡ," ಎಂದ. ಗೆಳೆಯನ ಮೇಲಿನ ಅಕ್ಕರೆಯೂ ಆ ಮಾತಿನಲ್ಲಿತ್ತು. ಪುಟ್ಟರಾಜು ನಂಬಿ ಹೊರಟ.

ಮರುದಿನ ಸಂತೆ ಮುಗಿಸಿ ಬರುವಾಗ, ಕತ್ತಲು ಕವಿದ ಹೊತ್ತಿನಲ್ಲಿ, ನಾಲೆಯ ತಿರುವಿನಲ್ಲಿ ಜೀಪು ಮಗುಚಿ ಅವನು ತೀರಿಕೊಂಡ. ಕುಡಿದಿದ್ದ ಎಂದು ಊರು ಷರಾ ಬರೆಯಿತು; ಸತ್ತವನಿಗೆ ಬಾಯಿಲ್ಲವಲ್ಲ. ಷಡಕ್ಷರಿಯೊಬ್ಬನೇ ನಜ್ಜುಗುಜ್ಜಾದ ಜೀಪಿನಿಂದ ರಿಲೇ ಕಿತ್ತು, ಒಡೆದು ನೋಡಿದ. ಒಳಗಿನ ಪಾಯಿಂಟುಗಳು ಸುಟ್ಟು ಕರಕಾಗಿದ್ದವು. ಟಿಕ್ ಎನ್ನುವುದಕ್ಕೆ ಅಡ್ಡಿಯಿರಲಿಲ್ಲ. ಕಾದ ಮೇಲೆ ಕರೆಂಟು ಮಾತ್ರ ದಾಟುತ್ತಿರಲಿಲ್ಲ.

ಅದನ್ನು ನಾಲೆಗೆ ಎಸೆದಿದ್ದರೆ ಲೋಕಕ್ಕೆ ತಿಳಿಯುತ್ತಿರಲಿಲ್ಲ. ತಿಥಿಯ ದಿನ ನೆಂಟರೆಲ್ಲ ಎಲೆಯ ಮುಂದೆ ಕೂತಿರುವಾಗ ಅವನು ಬಾಗಿಲಲ್ಲಿ ನಿಂತು, ಪುಟ್ಟರಾಜು ಕುಡಿದಿರಲಿಲ್ಲ, ದೀಪ ಸತ್ತಿತು, ಸದ್ದು ಕೇಳಿ ಸರಿಯಿದೆ ಎಂದು ಕಳಿಸಿದವನು ನಾನು ಎಂದು ಹೇಳಿ, ಆ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟ. ಆನೆಯಂಥದ್ದೂ ಮುಗ್ಗರಿಸುತ್ತದೆ ಎಂದು ಯಾರೋ ಹಿರಿಯರು ಸಮಾಧಾನದ ಮಾತಾಡಿದರು. ಪುಟ್ಟರಾಜುವಿನ ಹೆಂಡತಿ ರೂಪಶ್ರೀ ಮಾತ್ರ ಪೆಟ್ಟಿಗೆಯನ್ನೇ ದಿಟ್ಟಿಸುತ್ತ ಒಂದೇ ಮಾತು ಕೇಳಿದಳು: "ಕೇಳುಸ್ಕಂಡ್ರಿ. ಬಿಚ್ಚಿ ನೋಡ್ನಿಲ್ವಾ?"

ಹತ್ತಿ ಅಂದಿನಿಂದ.

ಹೋದ ವರ್ಷ ಅದೇ ಜೀಪು, ತಗಡು ಬಡಿಸಿಕೊಂಡು, ಬಣ್ಣ ಬಳಿಸಿಕೊಂಡು, ಅಂಗಡಿಯ ಮುಂದೆ ನಿಂತಿತು. ನಡೆಸಿಕೊಂಡು ಬಂದವಳು ರೂಪಶ್ರೀ. ಈಗ ತರಕಾರಿ ಸಾಗಿಸುವವಳು ಅವಳೇ. ದೀಪ ಮತ್ತೆ ಮಿಣುಕುತ್ತಿತ್ತು. ಷಡಕ್ಷರಿ ಕೈಯಲ್ಲಿದ್ದ ಟೆಸ್ಟ್ ಲ್ಯಾಂಪನ್ನು ಜೇಬಿಗೆ ಹಾಕಿದ. ಹಾಸನದಲ್ಲಿ ಒಳ್ಳೆಯವರಿದ್ದಾರೆ, ಅಲ್ಲಿಗೆ ಹೋಗಿ ಎಂದು ಬೇಡಿಕೊಂಡ.

"ಬೇರೆಯೋರಾದ್ರೆ ನಂಬಬೇಕಾಯ್ತದೆ," ಎಂದಳು ಅವಳು. "ನಿಮ್ಮನ್ನ ನಂಬಾಕಿಲ್ಲ. ಪಕ್ಕದಲ್ಲಿ ಕೂರುಸ್ಕಂಡು ಓಯ್ತೀನಿ."

ಅವನು ಹತ್ತಿಯಿಟ್ಟುಕೊಂಡು ಪ್ರತಿಯೊಂದು ವೈರನ್ನೂ ಬಿಚ್ಚಿ ನೋಡಿದ, ಹೊಸ ರಿಲೇ ಕೂರಿಸಿದ, ಸಂಜೆಗೆ ಅವಳ ಪಕ್ಕದಲ್ಲಿ ಕೂತ. ನಾಲೆಯ ತಿರುವು ಬಂದಾಗ ಅವಳು ವೇಗ ತಗ್ಗಿಸಲಿಲ್ಲ. ದೀಪ ಅಲುಗದೆ ಉರಿಯಿತು. ಮನೆಯ ಮುಂದೆ ಇಳಿದು ಅವನು ಗಾಜಿಗೆ ಅಂಗೈಯಿಟ್ಟ, ಸುಡುವಷ್ಟು ಹೊತ್ತು ಇಟ್ಟ. ನೀರು ಬೇಕೇ ಎಂದು ಕೂಡ ಕೇಳದೆ ಅವಳು ಒಳಗೆ ಹೋದಳು. ಅವನು ಕತ್ತು ವಾಲಿಸಿಕೊಂಡು ಬಸ್‌ಸ್ಟಾಪಿನ ಕಡೆ ನಡೆದ. ಗಿರಾಕಿಯ ಪಕ್ಕದಲ್ಲಿ ಕೂತು ಹೋಗುವುದು ಅಂದಿನಿಂದ.

ತಿಳಿಯದೆ ತಪ್ಪಿದವನಿಗೆ ತಿಳಿದಿರಲಿಲ್ಲವೆಂಬ ಆಸರೆಯಾದರೂ ಉಂಟು. ತನ್ನ ಜಾಣತನದಿಂದಲೇ ಇನ್ನೊಬ್ಬರ ಬಾಳನ್ನು ನಂದಿಸಿದವನಿಗೆ ಆ ಆಸರೆಯೂ ಇಲ್ಲ. ಕಾನೂನು ಅಂಥವರನ್ನು ಹುಡುಕಿಕೊಂಡು ಬರುವುದಿಲ್ಲ, ಹಾಗಾಗಿ ಅವರು ತಮ್ಮ ಶಿಕ್ಷೆಯನ್ನು ತಾವೇ ಹೊಲಿದುಕೊಂಡು ತೊಡುತ್ತಾರೆ, ಊರು ಅದನ್ನು ಹುಚ್ಚಾಟವೆಂದು ಕರೆಯುತ್ತದೆ. ಅವರು ಕ್ಷಮೆಯನ್ನು ಕೇಳುವುದಿಲ್ಲ, ಅದು ಸಿಗುವುದೂ ಇಲ್ಲ. ದೀಪ ಆರಿದರೆ ಮೊದಲು ಸಾಯುವ ಜಾಗದಲ್ಲಿ ಕೂರಲು ಯಾರಾದರೂ ಬಿಟ್ಟರೆ, ಅವರಿಗೆ ಅಷ್ಟು ಸಾಕು.